ತೂಕ ಕಟ್ಟಿದ ರೇಷ್ಮೆ

ಕೇಳುಗರೆ, ನಮಸ್ಕಾರ.

ಫ್ರಾನ್ಸಿನ ಲಿಯೋನ್ ನಗರದಲ್ಲಿ 18ನೇ ಶತಮಾನದಲ್ಲಿ, ರೇಷ್ಮೆ ವಿನ್ಯಾಸಕಾರ ಫಿಲಿಪ್ ದ ಲಸಾಲ್ ಅವರಂಥವರ ಕಾಲದಲ್ಲಿ ನೇಯ್ದ ಎಷ್ಟೋ ಗೋಡೆತೆರೆಗಳ ನೂಲು ಇಂದಿಗೂ ಗಟ್ಟಿಯಾಗಿದೆ. ಅವಕ್ಕಿಂತ ನೂರು ವರ್ಷ ಈಚಿನ ಅನೇಕ ರೇಷ್ಮೆಗಳು ಮಡಿಕೆಯ ಗುಂಟ ಸೀಳಿ, ಮುಟ್ಟಿದರೆ ಪುಡಿಯಾಗುತ್ತವೆ. ಕಾರಣವನ್ನು ಮಗ್ಗದಲ್ಲಿ ಹುಡುಕಿದರೆ ಸಿಗದು. ನೂಲಿನಲ್ಲೂ ಬಣ್ಣದ ಹಂಡೆಯಲ್ಲೂ ಹುಡುಕಬೇಕು.

ಲಿಯೋನಿನವರು ಹಾಸು ನೂಲಿಗೆ, ಅಂದರೆ ಮಗ್ಗದ ಉದ್ದನೆಯ ಎಳೆಗಳಿಗೆ, ಬಹುವಾಗಿ ಮೆಚ್ಚಿದ್ದು ಇಟಲಿಯ ಪೀಡ್‌ಮಾಂಟ್ ನೂಲನ್ನು. ಅಲ್ಲಿ ಗೂಡು ಬಿಚ್ಚುವಾಗ ಪಕ್ಕಪಕ್ಕದ ಎರಡು ಎಳೆಗಳನ್ನು ಒಂದಕ್ಕೊಂದು ಹಲವು ಸುತ್ತು ಹೆಣೆದು ರಾಟೆಗೆ ಒಯ್ಯುತ್ತಿದ್ದರು. ಆ ಉಜ್ಜಾಟದಲ್ಲಿ ನೀರು ಹಿಂಡಿಹೋಗಿ, ರೇಷ್ಮೆಯದೇ ಹಸಿ ಅಂಟು ಎಳೆಗಳನ್ನು ದುಂಡಗೆ ಒತ್ತಿ ಕೂಡಿಸುತ್ತಿತ್ತು. ಹೆಣಿಗೆ ಸಾಲದಿದ್ದರೆ ನೂಲು ಚಪ್ಪಟೆಯಾಗುತ್ತದೆ, ಮಗ್ಗದ ಹಣಿಗೆಗೆ ಸಿಕ್ಕಿ ನವಿರೇಳುತ್ತದೆ. ಆಮೇಲೆ ಒಂಟಿ ಎಳೆಗೆ ಒಂದು ದಿಕ್ಕಿನ ಹುರಿ, ಎರಡನ್ನು ಕೂಡಿಸಿ ಎದುರು ದಿಕ್ಕಿನ ಹುರಿ. ಅಡ್ಡ ನೂಲಾದ ಹೊಕ್ಕಿಗೆ ಮಾತ್ರ ಹುರಿ ಕಡಿಮೆ. ಹುರಿ ಹೆಚ್ಚಿದಷ್ಟೂ ಹೊಳಪು ಇಳಿಯುತ್ತದೆ.

ಬಣ್ಣಕ್ಕೆ ಮೊದಲು ಸಾಬೂನು ನೀರಿನಲ್ಲಿ ಕುದಿಸಿ ಅಂಟು ತೆಗೆಯಬೇಕು. 100 ಗ್ರಾಂ ಕಚ್ಚಾ ರೇಷ್ಮೆ ಸುಮಾರು 75ಕ್ಕೆ ಇಳಿಯುತ್ತದೆ. ರೇಷ್ಮೆಯ ವ್ಯಾಪಾರವೆಲ್ಲ ತೂಕದ ಮೇಲೆ. ಕಳೆದ ಕಾಲುಭಾಗ ನಷ್ಟವೇ. ಆ ನಷ್ಟ ತುಂಬುವ ಆಸೆಯೇ ಬಟ್ಟೆಯನ್ನು ಕೆಡಿಸಿತು. 19ನೇ ಶತಮಾನದ ಕೊನೆಗೆ ನೂಲನ್ನು ತವರದ ಕ್ಲೋರೈಡಿನಲ್ಲಿ ನೆನೆಸಿ, ತೊಳೆದು, ಸೋಡಿಯಂ ಫಾಸ್ಫೇಟಿನಲ್ಲಿ ಅದ್ದಿ ತೂಕ ಕಟ್ಟುವ ಪದ್ಧತಿ ಬಂತು. ಇದನ್ನೇ ಮತ್ತೆ ಮತ್ತೆ ಮಾಡಿ, ಕಡೆಗೆ ಸಿಲಿಕೇಟಿನ ಸ್ನಾನ. ಕಳೆದ ತೂಕ ಮರಳುವುದಷ್ಟೇ ಅಲ್ಲ, ಮೀರಿಯೂ ಹೋಗುತ್ತಿತ್ತು. ಬಟ್ಟೆಗೆ ಭಾರದ ಇಳಿಬೀಳು, ಒಳ್ಳೆಯ ಸರಬರ ಸದ್ದು. ಗಿರಾಕಿ ಒಲಿಯದೆ ಇರುವುದುಂಟೆ? ಆದರೆ ಬೆಳಕು ತಾಗಿದಂತೆ ಆ ಲವಣಗಳು ನಾರಿನ ಶಿಥಿಲತೆಯನ್ನು ಚುರುಕುಗೊಳಿಸುತ್ತವೆ.

ಹಳೆಯ ಕಾಲವೂ ಪೂರಾ ಶುದ್ಧವಲ್ಲ. ಕಬ್ಬಿಣ ಮತ್ತು ಟ್ಯಾನಿನ್ (ತೊಗಟೆ, ಕಾಯಿಗಳ ಒಗರು) ಬೆರೆಸಿದ ಕಪ್ಪು, ಕಂದು ಬಣ್ಣ ನಾರನ್ನು ತಿನ್ನುತ್ತದೆ. ಹೂವಿನ ಕೆಂಪು, ಹಸಿರು ಉಳಿದು, ಸುತ್ತಲಿನ ಕಂದು ಗೆರೆ ಮಾತ್ರ ಉದುರಿದ ಬಟ್ಟೆಗಳಿವೆ.

ತಾನಾಗಿ ಕಳಚಿದ ತುಂಡು ಎಳೆಯೊಂದನ್ನು ಸುಟ್ಟು ನೋಡಿ. ಶುದ್ಧ ರೇಷ್ಮೆ ಮುದುಡಿ, ಬೆರಳಲ್ಲಿ ಪುಡಿಯಾಗುವ ಕರಿಮಣಿಯಾಗುತ್ತದೆ. ತೂಕ ಕಟ್ಟಿದ ಎಳೆಯ ಬೂದಿ ಎಳೆಯ ಆಕಾರದಲ್ಲೇ ನಿಲ್ಲುತ್ತದೆ. ಅಂಥ ಬಟ್ಟೆಯನ್ನು ಒಗೆಯಬೇಡಿ, ಮಡಿಸಬೇಡಿ, ತೂಗುಹಾಕಬೇಡಿ. ಸೀಳನ್ನು ಹೊಲಿದರೆ ಸೂಜಿಯ ತೂತಿನಿಂದಲೇ ಹೊಸ ಸೀಳು ಹುಟ್ಟುತ್ತದೆ. ಆಮ್ಲವಿಲ್ಲದ ಹಲಗೆಯ ಮೇಲೆ ಚಪ್ಪಟೆಯಾಗಿ ಹರಡಿ, ಕತ್ತಲಲ್ಲಿಡಿ. ಪ್ರದರ್ಶನಕ್ಕಿಟ್ಟರೆ ಬೆಳಕು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಮೀರದಿರಲಿ.