ಕನಸಿನೊಳಗೆ ಅನುಮಾನ ಹುಟ್ಟಿಸುವುದು

ಎಲ್ಲರಿಗೂ ನಮಸ್ಕಾರ.

ನೇರವಾಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀವೀಗ ಕನಸು ಕಾಣುತ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಹೆಚ್ಚಿನವರು ಹೇಳುವುದು ಒಂದೇ: "ಇದೇನು ಕೇಳೋದು, ಗೊತ್ತಾಗುತ್ತಲ್ಲ!" ಸರಿ. ಆದರೆ ನಿನ್ನೆ ರಾತ್ರಿ ಕನಸಿನಲ್ಲೂ ನಿಮಗೆ ಹಾಗೇ ಅನ್ನಿಸಿರುತ್ತದೆ. ತೀರಿಕೊಂಡವರು ಬಂದು ಪಕ್ಕದಲ್ಲಿ ಕೂತು ಮಾತಾಡುತ್ತಾರೆ, ಎಷ್ಟೋ ವರ್ಷದಿಂದ ಇರುವ ಮನೆಯಲ್ಲಿ ಹೊಸದೊಂದು ಕೋಣೆ ಸಿಗುತ್ತದೆ, ಓದು ಮುಗಿಸಿ ಒಂದು ಕಾಲವಾದ ಮೇಲೂ ಏನೂ ಓದದೆ ಪರೀಕ್ಷೆಗೆ ಓಡುತ್ತಿರುತ್ತೀರಿ. ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಇವತ್ತು ನಾನು ಮಾತಾಡುವುದು ಆ ಅನುಮಾನದ ಬಗ್ಗೆಯೇ. ಅದನ್ನು ಹಗಲಲ್ಲಿ ಬೆಳೆಸಿ ರಾತ್ರಿಯೊಳಗೆ ಕಳಿಸುವುದು ಹೇಗೆ ಅಂತ.

ಕನಸು ನಡೆಯುತ್ತಿರುವಾಗಲೇ 'ಅರೆ, ಇದು ಕನಸು' ಅಂತ ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮಿಂಗ್ ಅಂತಾರೆ. ಇದು ಕೆಲವೇ ಜನರಿಗೆ ಒಲಿಯುವ ಸಿದ್ಧಿ ಅಂತ ಯಾರೂ ಅಂದುಕೊಳ್ಳಬೇಡಿ. ಅಲ್ಲಿಯವರೆಗಿನ ಐದು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ, ಸುಮಾರು 55% ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಆಗಿದೆ. ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಜಾಸ್ತಿ ಆಗುವವರು ಸುಮಾರು 23%. ಇಲ್ಲಿ ಕೂತವರಲ್ಲೂ ಅರ್ಧದಷ್ಟು ಜನಕ್ಕೆ ಆಗಿದ್ದರೆ ಆಶ್ಚರ್ಯವಿಲ್ಲ. ಚಿಕ್ಕವರಿದ್ದಾಗ ಕೆಟ್ಟ ಕನಸಿನ ನಡುವೆ 'ಇದು ಕನಸೇ, ಏಳಬೇಕು' ಅಂತ ಎದ್ದಿದ್ದು ನೆನಪಿದೆಯಾ? ಅದೂ ಇದೇ.

ಇದನ್ನು ನಂಬುವುದು ಹೇಗೆ ಅಂತ ಕೇಳುವವರಿಗೆ ಒಂದು ಘಟನೆ ಹೇಳಲೇಬೇಕು. ನಾವು ಹೆಚ್ಚಾಗಿ ಕನಸು ಕಾಣುವುದು ರೆಮ್ ಅನ್ನೋ ನಿದ್ರೆಯ ಹಂತದಲ್ಲಿ. ಆಗ ಕೈಕಾಲು ಅಲ್ಲಾಡದ ಹಾಗೆ ಮಿದುಳೇ ತಡೆಹಾಕಿರುತ್ತದೆ. ಕಣ್ಣಿಗೆ ಮಾತ್ರ ಆ ತಡೆ ಇಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಅನ್ನೋ ಸಂಶೋಧಕರು ಈ ಒಂದು ಸಂದಿಯನ್ನೇ ಹಿಡಿದುಕೊಂಡರು. ಕನಸು ಅಂತ ಗೊತ್ತಾದ ತಕ್ಷಣ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸು ಅಂತ ಪ್ರಯೋಗದಲ್ಲಿ ಮಲಗಲಿದ್ದ ಅಲನ್ ವರ್ಸ್ಲಿಗೆ ಮೊದಲೇ ಹೇಳಿದ್ದರು. ವರ್ಸ್ಲಿ ನಿದ್ರೆಯಲ್ಲಿದ್ದಾಗಲೇ ಆ ಸಂಕೇತ, ಕಣ್ಣಿನ ಚಲನೆ ದಾಖಲಿಸುವ ಯಂತ್ರದ ಕಾಗದದ ಮೇಲೆ ಮೂಡಿತು. ಇದರ ಸುದ್ದಿಯೇ ಇಲ್ಲದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಕೂಡ ಹೀಗೇ ತೋರಿಸಿಕೊಟ್ಟರು. 2021ರಲ್ಲಂತೂ ನಾಲ್ಕು ದೇಶಗಳ ಪ್ರಯೋಗಾಲಯಗಳು ಸೇರಿ ಮಲಗಿರುವವರಿಗೆ ಲೆಕ್ಕ ಕೇಳಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು ಅಂತ ಕೇಳಿದಾಗ ಒಬ್ಬರು ಕನಸಿನೊಳಗಿಂದಲೇ ಕಣ್ಣು ಎರಡು ಸಲ ಆಡಿಸಿ ಉತ್ತರ ಕೊಟ್ಟರು. ನನಗೆ ಇದು ಎಷ್ಟು ಸಲ ಓದಿದರೂ ರೋಮಾಂಚನ ಆಗುವ ವಿಷಯ.

ಈಗ ಮುಖ್ಯ ಮಾತಿಗೆ ಬರೋಣ. ಕನಸಿನಲ್ಲಿ ಅನುಮಾನ ಯಾಕೆ ಬರುವುದಿಲ್ಲ? ರೆಮ್ ನಿದ್ರೆಯಲ್ಲಿ ಮಿದುಳಿನ ಹಲವು ಭಾಗಗಳು ಚುರುಕಾಗಿರುತ್ತವೆ, ಭಾವನೆಗೆ ಸಂಬಂಧಿಸಿದ್ದಂತೂ ಜಾಸ್ತಿಯೇ. ಆದರೆ ಹಣೆಯ ಹಿಂದಿರುವ, ತೂಗಿ ನೋಡುವ, 'ಇದು ಸರಿಯಾಗಿದೆಯಾ' ಅಂತ ಕೇಳುವ ಭಾಗ ಮಂಕಾಗಿರುತ್ತದೆ. ಹಾಗಾಗಿ ಗೋಡೆ ಗಡಿಯಾರ ಹಿಂದಕ್ಕೆ ಓಡಿದರೂ 'ಬ್ಯಾಟರಿ ಹೋಗಿರಬೇಕು' ಅಂತ ಸಮಾಧಾನ ಹೇಳಿಕೊಂಡು ಮುಂದೆ ಹೋಗುತ್ತೇವೆ. ಕನಸಿನಲ್ಲಿ ವಿಚಿತ್ರಗಳಿಗೆ ಕೊರತೆಯೇ ಇಲ್ಲ, ಅವನ್ನು ಪ್ರಶ್ನಿಸುವವನು ಮಲಗಿರುತ್ತಾನೆ ಅಷ್ಟೇ. ಆ ಪ್ರಶ್ನೆಯನ್ನು ಹಗಲಲ್ಲಿ ಅಭ್ಯಾಸ ಮಾಡಿದರೆ ರಾತ್ರಿಯೂ ತಾನಾಗಿ ಏಳುತ್ತದೆ ಅನ್ನೋ ನಂಬಿಕೆಯ ಮೇಲೆ ರಿಯಾಲಿಟಿ ಚೆಕ್, ಅಂದರೆ ಇದು ಕನಸೋ ಎಚ್ಚರವೋ ಅಂತ ಪರೀಕ್ಷಿಸಿ ನೋಡುವ ಅಭ್ಯಾಸ, ನಿಂತಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೌಲ್ ಥೋಲಿ ಇದನ್ನು ಒಂದು ವಿಧಾನವಾಗಿಯೇ ಬೆಳೆಸಿದರು. ದಿನಕ್ಕೆ ಹಲವು ಸಲ, ಅದರಲ್ಲೂ ಕನಸಿನಂತೆ ಕಾಣುವ ಸನ್ನಿವೇಶದಲ್ಲಿ, 'ನಾನೀಗ ಕನಸಿನಲ್ಲಿದ್ದೇನಾ?' ಅಂತ ಕೇಳಿಕೊಳ್ಳಿ ಅಂತ.

ಪರೀಕ್ಷೆಗಳು ಹಲವು ಇವೆ. ನಾನು ಎರಡನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಹತ್ತು ಕಲಿತು ಒಂದನ್ನೂ ನೆಟ್ಟಗೆ ಮಾಡದವರೇ ಜಾಸ್ತಿ.

ಮೊದಲನೆಯದು ಮೂಗು. ಬಾಯಿ ಮುಚ್ಚಿ, ಎರಡು ಬೆರಳಲ್ಲಿ ಮೂಗನ್ನು ಗಟ್ಟಿಯಾಗಿ ಹಿಡಿದು ಉಸಿರೆಳೆಯಿರಿ. ಎಚ್ಚರದಲ್ಲಿ ಗಾಳಿ ಬರುವುದಿಲ್ಲ. ಕನಸಿನಲ್ಲಿ ನೀವು ಹಿಡಿದಿರುವುದು ಕನಸಿನ ಮೂಗು, ಹಾಸಿಗೆಯ ಮೇಲಿರುವ ನಿಜವಾದ ಮೂಗು ತೆರೆದೇ ಇರುತ್ತದೆ. ಹಾಗಾಗಿ ಬೆರಳ ಹಿಡಿತ ಬಿಗಿಯಾಗಿದ್ದರೂ ಉಸಿರು ಸರಾಗವಾಗಿ ಒಳಗೆ ಬರುತ್ತದೆ. ಆ ಕ್ಷಣದ ಅನುಭವ ಬಹಳ ಸ್ಪಷ್ಟ. ನನಗೆ ಇದರಷ್ಟು ನಂಬಿಕಸ್ಥ ಪರೀಕ್ಷೆ ಬೇರೆ ಕಂಡಿಲ್ಲ.

ಎರಡನೆಯದು ಅಕ್ಷರ. ಒಂದು ಬೋರ್ಡೋ ಫೋನಿನ ಪರದೆಯೋ, ಯಾವುದಾದರೂ ಒಂದು ಸಾಲು ಓದಿ. ಕಣ್ಣು ಬೇರೆ ಕಡೆ ತಿರುಗಿಸಿ, ಮತ್ತೆ ಓದಿ. ಎಚ್ಚರದಲ್ಲಿ ಆ ಸಾಲನ್ನು ಹಿಡಿದಿಡಲು ಹೊರಗೆ ಒಂದು ಕಾಗದ ಇದೆ, ಎಷ್ಟು ಸಲ ನೋಡಿದರೂ ಅದೇ ಇರುತ್ತದೆ. ಕನಸಿನಲ್ಲಿ ಹೊರಗೆ ಏನೂ ಇಲ್ಲ. ಪ್ರತಿ ಸಲ ನೋಡಿದಾಗಲೂ ಮಿದುಳು ಆ ಸಾಲನ್ನು ಹೊಸದಾಗಿ ಕಟ್ಟಬೇಕು, ಹಾಗಾಗಿ ಪದ ಬದಲಾಗುತ್ತದೆ, ಅಕ್ಷರ ಕರಗುತ್ತದೆ, ಕೆಲವೊಮ್ಮೆ ಅರ್ಥವೇ ಇಲ್ಲದ ಗೆರೆಗಳಾಗುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೂಗು ಹಿಡಿಯುವುದು ಮುಖ್ಯವಲ್ಲ. 'ಇದು ಎಚ್ಚರವೇ' ಅಂತ ಒಳಗೆ ಆಗಲೇ ತೀರ್ಮಾನ ಮಾಡಿಕೊಂಡು, ಪರಿಚಯದ ದಾರಿಯಲ್ಲಿ ಕೈ ತಾನಾಗಿ ಗಾಡಿ ತಿರುಗಿಸುವ ಹಾಗೆ ಮೂಗು ಹಿಡಿದು ಬಿಟ್ಟರೆ, ಕನಸಿನಲ್ಲೂ ಹಾಗೇ ಮಾಡುತ್ತೀರಿ. ಉಸಿರು ಬಂದರೂ ಗಮನಕ್ಕೆ ಬರುವುದಿಲ್ಲ. ಹಾಗಾಗಿ ಮೂಗಿಗೆ ಕೈ ಹಾಕುವ ಮುಂಚೆ ಅರ್ಧ ನಿಮಿಷ ನಿಲ್ಲಿ. ನಾನು ಇಲ್ಲಿಗೆ ಹೇಗೆ ಬಂದೆ? ಇದಕ್ಕೆ ಐದು ನಿಮಿಷ ಮುಂಚೆ ಎಲ್ಲಿದ್ದೆ? ಸುತ್ತ ಏನಾದರೂ ಹೊಂದದೇ ಇರುವುದು ಇದೆಯಾ? ಕನಸಿಗೆ ಸಾಮಾನ್ಯವಾಗಿ ಹಿಂದಿನ ಕಥೆ ಇರುವುದಿಲ್ಲ. ರೈಲಿನಲ್ಲಿ ಕೂತಿರುತ್ತೀರಿ, ಆದರೆ ಹತ್ತಿದ್ದು ನೆನಪಿಗೆ ಬರುವುದಿಲ್ಲ. ನಿಜವಾಗಿ ಹುಡುಕಿದರೆ ಆ ಖಾಲಿ ಜಾಗ ಕೈಗೆ ಸಿಗುತ್ತದೆ. ಉಸಿರು ಬಂದುಬಿಡಬಹುದು ಅಂತ ನಿಜಕ್ಕೂ ಕಾಯಬೇಕು. ಆ ಕಾಯುವಿಕೆ ಇಲ್ಲದೆ ದಿನಕ್ಕೆ ಐವತ್ತು ಸಲ ಮಾಡುವುದಕ್ಕಿಂತ, ಮನಸ್ಸಿಟ್ಟು ಐದು ಸಲ ಮಾಡುವುದೇ ವಾಸಿ.

ಹಾಗಾದರೆ ಯಾವಾಗ ಮಾಡಬೇಕು? ಗಂಟೆಗೊಮ್ಮೆ ಅಲಾರಂ ಇಟ್ಟುಕೊಳ್ಳುವವರಿದ್ದಾರೆ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ಕನಸಿನಲ್ಲಿ ನಿಮ್ಮ ಅಲಾರಂ ಹೊಡೆಯುವುದಿಲ್ಲವಲ್ಲ! ಕನಸಿನಲ್ಲೂ ಎದುರಾಗುವಂಥದ್ದೇ ಸೂಚನೆಯಾಗಬೇಕು. ಬಾಗಿಲು ದಾಟುವುದು, ಮೆಟ್ಟಿಲು ಹತ್ತುವುದು, ಕನ್ನಡಿ ನೋಡುವುದು, ಲೈಟ್ ಸ್ವಿಚ್ ಒತ್ತುವುದು, ಹೀಗೆ ದಿನವೂ ಇರುವಂಥದ್ದು ಒಂದೆರಡು ಸಾಕು. ಎಲ್ಲ ಬಾಗಿಲಿಗೂ ಮಾಡಲು ಹೋದರೆ ಎರಡೇ ದಿನಕ್ಕೆ ಬೇಜಾರಾಗಿ ಬಿಡುತ್ತೀರಿ, ಯಾವುದೋ ಒಂದು ಬಾಗಿಲು ಆರಿಸಿಕೊಳ್ಳಿ.

ಇದಕ್ಕಿಂತ ಒಳ್ಳೆಯದು ನಿಮ್ಮದೇ ಕನಸಿನಿಂದ ಸೂಚನೆ ತೆಗೆಯುವುದು. ಹಾಸಿಗೆ ಪಕ್ಕ ಒಂದು ನೋಟ್‌ಬುಕ್ ಇಡಿ. ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸದೆ, ಫೋನು ಮುಟ್ಟದೆ, ಸುಮ್ನೆ ಹಾಗೇ ಮಲಗಿ, ಏನು ಕಂಡೆ ಅಂತ ನೆನಪು ಮಾಡಿಕೊಂಡು ಆಮೇಲೆ ಬರೆಯಿರಿ. ಮೊದಮೊದಲು ಒಂದು ಬಣ್ಣವೋ ಒಂದು ಮುಖವೋ ಸಿಗಬಹುದು, ಅದನ್ನೂ ಬರೆಯಿರಿ. ಕೆಲವು ವಾರ ಆದ ಮೇಲೆ ತಿರುವಿ ಹಾಕಿದರೆ ಮತ್ತೆ ಮತ್ತೆ ಬರುವ ವಿಷಯಗಳು ಕಣ್ಣಿಗೆ ಬೀಳುತ್ತವೆ. ಒಬ್ಬರಿಗೆ ನೀರು, ಒಬ್ಬರಿಗೆ ಬಸ್ಸು ತಪ್ಪುವುದು, ಇನ್ನೊಬ್ಬರಿಗೆ ಹಳೆಯ ಶಾಲೆ. ನಿಮ್ಮ ಕನಸಿನಲ್ಲಿ ಫೋನ್ ಪದೇ ಪದೇ ಕೆಡುತ್ತಿದ್ದರೆ, ಹಗಲಲ್ಲಿ ಫೋನ್ ತಕರಾರು ಮಾಡಿದಾಗೆಲ್ಲ ಸಿಟ್ಟಾಗುವ ಬದಲು ನಿಂತು ಕೇಳಿ: ಇದು ಕನಸಾ? ಗಾಬರಿ, ನಾಚಿಕೆ, ವಿಪರೀತ ಖುಷಿ, ಇವೂ ಒಳ್ಳೆಯ ಸೂಚನೆಗಳೇ. ಭಾವನೆಗಳು ಕನಸಿನಲ್ಲಿ ಜೋರಾಗಿಯೇ ಬರುತ್ತವೆ.

ಈಗ ಕಹಿಯಾದರೂ ಹೇಳಲೇಬೇಕಾದ ಮಾತು. ಹಗಲಿನ ರಿಯಾಲಿಟಿ ಚೆಕ್ ಒಂದನ್ನೇ ನೆಚ್ಚಿಕೊಂಡರೆ ಫಲ ಕಡಿಮೆ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್‌ಹೋಮ್ ಆಸ್ಪಿ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಚೆಕ್ ಮಾಡಿದವರಿಗೆ ಒಂದು ವಾರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಅದರ ಜೊತೆಗೆ ಐದು ಗಂಟೆ ನಿದ್ರೆಯ ನಂತರ ಎದ್ದು, 'ಮುಂದಿನ ಸಲ ಕನಸು ಬಿದ್ದಾಗ ಇದು ಕನಸು ಅಂತ ನೆನಪು ಮಾಡಿಕೊಳ್ಳುತ್ತೇನೆ' ಅಂತ ಹೇಳಿಕೊಳ್ಳುತ್ತಾ ಮತ್ತೆ ಮಲಗಿದವರಿಗೆ ಸುಮಾರು 17% ಪ್ರಯತ್ನಗಳಲ್ಲಿ ಫಲ ಸಿಕ್ಕಿತು. ಹಾಗೆ ಹೇಳಿಕೊಂಡು ಐದು ನಿಮಿಷದೊಳಗೆ ನಿದ್ರೆ ಹೋದವರಲ್ಲಿ ಇದು ಸುಮಾರು 46%. ಯಾಕೆ ಬೆಳಗಿನ ಜಾವ ಅಂದರೆ, ನಿದ್ರೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ, ರಾತ್ರಿ ಕಳೆದಂತೆ ಪ್ರತಿ ಸುತ್ತಿನಲ್ಲೂ ರೆಮ್‌ನ ಪಾಲು ಹಿಗ್ಗುತ್ತದೆ. ಆ ಮಾತನ್ನು ಮಂತ್ರದ ಹಾಗೆ ಗೊಣಗಬೇಡಿ. ಆಗ ತಾನೇ ಕಂಡ ಕನಸಿಗೆ ಮನಸ್ಸಿನಲ್ಲೇ ವಾಪಸ್ ಹೋಗಿ, ಅದರಲ್ಲಿದ್ದ ವಿಚಿತ್ರವನ್ನು ನೋಡಿ, ಮೂಗು ಹಿಡಿದು ಉಸಿರು ಬಂದದ್ದನ್ನು ಕಲ್ಪಿಸಿಕೊಂಡು ಮಲಗಿ.

ಸಿಕ್ಕಿತು ಅಂದುಕೊಳ್ಳಿ. ಹೆಚ್ಚಿನವರು ಮೊದಲ ಸಲ ಖುಷಿಗೆ ಕುಣಿದು ಅಲ್ಲೇ ಎಚ್ಚರಗೊಳ್ಳುತ್ತಾರೆ. ಹಾಗಾಗದಿರಲು ಕನಸಿನೊಳಗೇ ಅಂಗೈಗಳನ್ನು ಉಜ್ಜಿ, ಹತ್ತಿರದ ಗೋಡೆ ಮುಟ್ಟಿ, ನೆಲದ ಮೇಲೆ ಕಣ್ಣಿಡಿ. ಕನಸು ಗಟ್ಟಿಯಾದ ಮೇಲೆ ಹಾರಾಟ ಇದ್ದೇ ಇದೆ.

ಎಲ್ಲರೂ ಇದನ್ನು ಮಾಡಲೇಬೇಕು ಅಂತ ನಾನು ಹೇಳುವುದಿಲ್ಲ. ಯಾವುದು ನಿಜ ಯಾವುದು ಭ್ರಮೆ ಅಂತ ಗೊಂದಲವಾಗುವಂಥ ತೊಂದರೆ ಇರುವವರು, ಅದಕ್ಕೆ ಚಿಕಿತ್ಸೆಯಲ್ಲಿರುವವರು, ದಯವಿಟ್ಟು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ನಡುರಾತ್ರಿ ಏಳುವ ಅಭ್ಯಾಸವನ್ನು ದಿನವೂ ಮಾಡಬೇಡಿ, ಮರುದಿನ ರಜೆ ಇರುವ ರಾತ್ರಿ ಸಾಕು. ಮೈ ಅಲ್ಲಾಡದೆ ಕಣ್ಣು ಮಾತ್ರ ಬಿಟ್ಟುಕೊಂಡಿರುವ ಸ್ಥಿತಿ ಕೆಲವರಿಗೆ ಎದುರಾಗಬಹುದು. ಭಯ ಹುಟ್ಟಿಸುತ್ತದೆ, ನಿಜ, ಆದರೆ ರೆಮ್‌ನ ಆ ತಡೆ ಇನ್ನೂ ಬಿಟ್ಟಿಲ್ಲ ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೋಗುತ್ತದೆ.

ಇನ್ನೊಂದು ವಿಷಯ ಹೇಳಿ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಎದ್ದ ಹಾಗೆ, ಹಲ್ಲುಜ್ಜಿದ ಹಾಗೆ ಕನಸು ಬೀಳುವುದುಂಟಲ್ಲ, ಅದು ಈ ಅಭ್ಯಾಸ ಮಾಡುವವರಿಗೆ ಬಹಳ ಸಿಗುತ್ತದೆ. ಸೂಚನೆಗಳಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪ್ರತಿ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಹಾಸಿಗೆ ಬಿಡುವ ಮುಂಚೆ, ಮೂಗು ಹಿಡಿದು ನೋಡಿ.