ನೀರಿನ ಮೆಟ್ಟಿಲು ಇಳಿದ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಮಾರ್ಚ್ ತಿಂಗಳಲ್ಲಿ ತೋಟದ ಕೆರೆಯ ದಂಡೆಯ ಮೇಲೆ ಕುಳಿತು, ಸ್ಪ್ರಿಂಕ್ಲರ್ ಬದಲಿಸುವ ಹೊತ್ತಿಗಾಗಿ ಕಾಯುತ್ತ ರೇಡಿಯೋ ಕೇಳುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಮಾತನಾಡುತ್ತಿದ್ದೇನೆ. ಕಾಫಿ ಹೂವಿಗೆ ನೀರು ಕೊಡಬೇಕಾದ ಈ ದಿನಗಳಲ್ಲಿ ಕೆರೆಯ ನೀರು ಗೇಣು ಗೇಣಾಗಿ ಇಳಿಯುವುದನ್ನು ನೋಡಿದವರಿಗೆ ನನ್ನ ಮಾತು ಬೇಗ ಅರ್ಥವಾದೀತು.

ನನ್ನ ಪತ್ನಿಯ ತಮ್ಮ ಮತ್ತು ಅವನ ಹೆಂಡತಿ ಬಹಳ ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದಾರೆ. ನಿವೃತ್ತಿಯಾದ ಮೇಲೆ ಅವರು ಮನೆಯನ್ನು ಮಾರಿ, 57 ಅಡಿ ಉದ್ದದ ಒಂದು ಕಬ್ಬಿಣದ ದೋಣಿಯನ್ನು ಕೊಂಡು, ಅದರಲ್ಲಿಯೇ ಸಂಸಾರ ಹೂಡಿ, ಆ ದೇಶದ ಕಾಲುವೆಗಳಲ್ಲಿ ಊರಿಂದೂರಿಗೆ ಸಾಗುತ್ತಿದ್ದಾರೆ. ದೋಣಿಯ ಅಗಲ ಏಳು ಅಡಿಗೂ ಒಂದೆರಡು ಅಂಗುಲ ಕಡಿಮೆ. ನಮ್ಮ ಲೈನ್ ಮನೆಗಳಂತೆ ಕೋಣೆಗಳೆಲ್ಲ ಒಂದರ ಹಿಂದೊಂದು. ಒಬ್ಬರು ಅಡುಗೆ ಮಾಡುತ್ತಿದ್ದರೆ ಇನ್ನೊಬ್ಬರು ಬೆನ್ನು ಗೋಡೆಗೆ ಒತ್ತಿಕೊಂಡು ದಾಟಬೇಕು. ಗಂಟೆಗೆ ನಾಲ್ಕು ಮೈಲಿಗಿಂತ ವೇಗವಾಗಿ ಹೋಗುವಂತಿಲ್ಲ. ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಮೂರು ವಾರ ಅವರೊಡನೆ ಇದ್ದೆವು. ಜೀವಮಾನವೆಲ್ಲ ಹಾರಂಗಿಯ ನಾಲೆಗಳ ಮೇಲೆ ಓಡಾಡಿದ ಎಂಜಿನಿಯರನಾದ ನನಗೆ ದೋಣಿಗಿಂತ ಕಾಲುವೆಯ ಮೇಲೆಯೇ ಕಣ್ಣು.

ನಮ್ಮ ನಾಲೆಯಲ್ಲಿ ನೀರು ಹರಿಯುತ್ತದೆ. ಅವರ ಕಾಲುವೆಯಲ್ಲಿ ನೀರು ನಿಂತಿರುತ್ತದೆ. ಅದು ಗದ್ದೆಗಾಗಿ ತೋಡಿದ್ದಲ್ಲ, ಸರಕು ಸಾಗಿಸಲು ತೋಡಿದ್ದು. 1761ರಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಕಟ್ಟಿದ ಕಾಲುವೆಯಲ್ಲಿ ವರ್ಸ್ಲಿಯ ಗಣಿಯ ಕಲ್ಲಿದ್ದಲು ಮ್ಯಾಂಚೆಸ್ಟರಿನ ಕಡೆಗೆ ಹೊರಟಿತು. ಮುಂದೆ ಅಂಥ ಕಾಲುವೆಗಳು ದೇಶವೆಲ್ಲ ಹಬ್ಬಿದವು. ಹಾಗಾದರೆ ಗುಡ್ಡ ಬಂದಲ್ಲಿ ನಿಂತ ನೀರು ಏರುವುದು ಹೇಗೆ? ಏರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಾಲುವೆಯನ್ನು ಕಟ್ಟಿ, ಪ್ರತಿ ಮೆಟ್ಟಿಲಿನಲ್ಲಿ ಎರಡೂ ತುದಿಗೆ ಬಾಗಿಲುಗಳಿರುವ ಕಲ್ಲಿನ ಅಥವಾ ಕಾಂಕ್ರೀಟಿನ ತೊಟ್ಟಿಯೊಂದನ್ನು ಇಟ್ಟಿದ್ದಾರೆ. ಅವರು ಅದನ್ನು ಲಾಕ್ ಎನ್ನುತ್ತಾರೆ, ನಾನು ತೊಟ್ಟಿ ಎಂದೇ ಕರೆಯುತ್ತೇನೆ. ದೋಣಿ ಕೆಳಗಿನಿಂದ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲನ್ನು ಮುಚ್ಚಿ, ಮೇಲಿನ ತೂಬನ್ನು ತೆಗೆದರೆ, ಮೇಲಿನ ನೀರು ಒಳಗಿಳಿದು ದೋಣಿಯನ್ನು ಎತ್ತುತ್ತದೆ. ಇಳಿಯುವಾಗ ಇದೇ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಬಾಗಿಲುಗಳು ಮೇಲಿನ ನೀರಿಗೆ ಎದೆಯೊಡ್ಡಿ ಕೋನವಾಗಿ ಕೂಡಿಕೊಳ್ಳುವುದರಿಂದ ನೀರು ಒತ್ತಿದಷ್ಟೂ ಬಿಗಿಯಾಗುತ್ತವೆ. ಎರಡೂ ಕಡೆ ನೀರು ಸಮವಾಗುವವರೆಗೆ ಆನೆ ಬಂದು ತಳ್ಳಿದರೂ ತೆರೆಯುವುದಿಲ್ಲ.

ಈಗ ನಾನು ಹೇಳಬೇಕೆಂದು ಬಂದಿರುವ ಮಾತಿಗೆ ಬರುತ್ತೇನೆ. ದೋಣಿ ಹತ್ತಿದರೂ ನೀರು ಇಳಿಯುತ್ತದೆ, ದೋಣಿ ಇಳಿದರೂ ನೀರು ಇಳಿಯುತ್ತದೆ. ಯಾವ ಕಡೆಗೆ ಹೋದರೂ ಒಂದು ತೊಟ್ಟಿ ನೀರು ಗುಡ್ಡದ ತಲೆಯಿಂದ ಕೆಳಗೆ ಬಂದೇ ಬರುತ್ತದೆ, ಮತ್ತೆ ತಾನಾಗಿ ಮೇಲೆ ಹೋಗುವುದಿಲ್ಲ.

ನಾವು ವಾರ್ವಿಕ್ ಎಂಬ ಊರಿನ ಹತ್ತಿರ ಹ್ಯಾಟನ್ ಎಂಬಲ್ಲಿಗೆ ಬಂದೆವು. ಅಲ್ಲಿ ಎರಡು ಮೈಲಿಗಿಂತ ಕಡಿಮೆ ದೂರದಲ್ಲಿ 21 ತೊಟ್ಟಿಗಳಿವೆ. ಎಲ್ಲ ಸೇರಿ ಸುಮಾರು 148 ಅಡಿ ಇಳಿಜಾರು. ಮೇಲೆ ನಿಂತು ನೋಡಿದರೆ ತೂಬು ಎತ್ತುವ ಕಂಬಗಳು ಸಾಲುದೀಪಗಳಂತೆ ಕೆಳಗಿನವರೆಗೂ ಕಾಣುತ್ತವೆ. 1930ರ ದಶಕದಲ್ಲಿ ಇವನ್ನು 14 ಅಡಿಗೆ ಅಗಲ ಮಾಡಿ ಕಟ್ಟಿದ್ದರಿಂದ ಎರಡು ದೋಣಿಗಳು ಜೋಡೆತ್ತಿನಂತೆ ಪಕ್ಕಪಕ್ಕದಲ್ಲಿ ಇಳಿಯಬಹುದು. ನನ್ನ ಲೆಕ್ಕದಲ್ಲಿ ಒಂದೊಂದು ತೊಟ್ಟಿಗೆ ಸುಮಾರು ಎರಡು ಲಕ್ಷ ಲೀಟರ್ ನೀರು ಬೇಕು. ತೂಬು ಎತ್ತುವ ಕಬ್ಬಿಣದ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು, ಮುಂದೆ ನಡೆದುಹೋಗಿ ತೊಟ್ಟಿಗಳನ್ನು ಸಿದ್ಧಮಾಡಿಡಿ ಭಾವ ಎಂದು ಮೈದುನ ಹೇಳಿದ. ಆರು ತೊಟ್ಟಿಗಳು ಸರಾಗವಾಗಿ ಮುಗಿದವು. ಏಳನೆಯದು ಖಾಲಿಯಾಗಿತ್ತು. ಇಳಿಯುವವರಿಗೆ ತುಂಬಿದ ತೊಟ್ಟಿ ಬೇಕಷ್ಟೆ. ನಾನು ಹಿಡಿಕೆಯನ್ನು ಸಿಕ್ಕಿಸಿ ಹತ್ತಾರು ಸುತ್ತು ತಿರುಗಿಸಿದೆ. ಒಳಗೆ ನೀರು ಭೋರ್ಗರೆಯತೊಡಗಿದಾಗ, ಸುಳ್ಳೇಕೆ ಹೇಳಲಿ, ಹಾರಂಗಿಯ ಗೇಟು ತೆಗೆದಷ್ಟೇ ಹೆಮ್ಮೆಯಾಯಿತು. ಅಷ್ಟರಲ್ಲಿ ಕೆಳಗಿನ ಕಡೆಯಿಂದ ಒಂದು ಹಸಿರು ದೋಣಿ ಮೆಲ್ಲನೆ ಇದೇ ತೊಟ್ಟಿಯ ಕಡೆಗೆ ಬರುತ್ತಿರುವುದು ಕಾಣಿಸಿತು. ಚುಕ್ಕಾಣಿ ಹಿಡಿದಿದ್ದ ಮುದುಕ ಬಯ್ಯಲಿಲ್ಲ, ಕೈಯನ್ನೂ ಬೀಸಲಿಲ್ಲ. ತುಂಬುತ್ತಿರುವ ತೊಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ದೋಣಿಯನ್ನು ದಡಕ್ಕೆ ತಂದು ನಿಲ್ಲಿಸಿದ. ಐದು ನಿಮಿಷ ನಾನು ಸುಮ್ಮನೆ ನಿಂತಿದ್ದರೆ ಅವನು ಆ ಖಾಲಿ ತೊಟ್ಟಿಯೊಳಗೆ ಬಂದು, ತನಗಾಗಿ ತುಂಬಿಸಿಕೊಂಡು ಮೇಲೇರಿ, ತುಂಬಿದ ತೊಟ್ಟಿಯನ್ನು ನಮಗೆ ಬಿಟ್ಟುಹೋಗುತ್ತಿದ್ದ. ಒಂದೇ ನೀರಿನಲ್ಲಿ ಇಬ್ಬರ ಕೆಲಸವೂ ಆಗುತ್ತಿತ್ತು. ಈಗ ನಮಗೊಂದು, ಅವನಿಗೊಂದು. ಎರಡು ಲಕ್ಷ ಲೀಟರ್ ಹೆಚ್ಚಿಗೆ ಮೇಲಿನಿಂದ ಬಂತು. ದೋಣಿಯ ಮೇಲಿದ್ದ ನನ್ನ ಪತ್ನಿ ಎಲ್ಲರೆದುರಿಗೆ ಹೇಳಿದ್ದು ಇಷ್ಟೇ: "ರಾತ್ರಿ ತೂಬು ಎತ್ತಿದರೆಂದು ಕೆಳಗಿನ ರೈತರಿಗೆ ನೋಟೀಸು ಕೊಡುತ್ತಿದ್ದವರು ನೀವೇ ಅಲ್ಲವೇ?" ಉಳಿದ 14 ತೊಟ್ಟಿಗಳನ್ನು ನಾನು ಬಾಯಿ ಬಿಡದೆ ತೆರೆದೆ.

ದೋಣಿಯವರ ರೂಢಿ ಸರಳವಾದದ್ದು. ತೊಟ್ಟಿ ನಿಮ್ಮ ಅನುಕೂಲಕ್ಕೆ ಇಲ್ಲದಿದ್ದರೆ ಮೊದಲು ಆಚೆ ಬದಿಯನ್ನು ನೋಡಿ, ಬರುವವರಿದ್ದರೆ ನಿಲ್ಲಿ, ಹಿಂದಿನಿಂದ ಇನ್ನೊಂದು ದೋಣಿ ಬರುತ್ತಿದ್ದರೆ ಜೊತೆಗೆ ಕರೆದುಕೊಂಡು ಇಳಿಯಿರಿ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಕೆರೆಯಿದೆ, ಬೋರ್ ಇದೆ, ನಮಗೇನು ಎನ್ನುವವರನ್ನು ನಾನು ಇಲ್ಲಿಯೂ ದಿನಾ ನೋಡುತ್ತೇನೆ, ಕೇಳಿ ಕೇಳಿ ಸಾಕಾಗಿದೆ. ಹಾರಂಗಿಯಲ್ಲಿ 8.5 ಟಿಎಂಸಿ ನೀರು ನಿಲ್ಲಬಹುದು ನಿಜ, ಆದರೆ ಅದೂ ಮೇಲಿನ ಗುಡ್ಡಗಳಿಂದ ಇಳಿದು ಬಂದ ನೀರೇ. ದೋಣಿ ಹತ್ತಿದರೂ ನೀರು ಇಳಿಯುತ್ತದೆ, ಇಳಿದರೂ ನೀರು ಇಳಿಯುತ್ತದೆ.

ಸಮಯ ಮುಗಿಯಿತೆಂದು ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ವೇಲ್ಸಿನ ಪಾಂಟ್‌ಕಸಲ್ಟೆಯಲ್ಲಿ 1805ರಿಂದ 126 ಅಡಿ ಎತ್ತರದಲ್ಲಿ ಕಬ್ಬಿಣದ ದೋಣಿಹಾದಿಯಾಗಿ ನದಿಯ ಮೇಲೆ ಹಾದುಹೋಗುವ ಕಾಲುವೆಯ ವಿಷಯವನ್ನು ವಿವರವಾಗಿ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ, ಆಗಲಿಲ್ಲ. ಇಳಿಯುವಾಗ ದೋಣಿಯ ಹಿಂಬದಿಯನ್ನು ತೊಟ್ಟಿಯೊಳಗಿನ ಹೊಸ್ತಿಲಿನ ಮೇಲೆ ಬಿಡಬಾರದು, ನೀರು ತಗ್ಗಿದಂತೆ ಹಿಂಬದಿ ಅಲ್ಲಿಯೇ ಸಿಕ್ಕಿಕೊಂಡು ಮೂತಿ ಮುಳುಗುತ್ತದೆ. ಅದಕ್ಕಾಗಿ ಗೋಡೆಯ ಮೇಲೆ ಬಿಳಿ ಗೆರೆ ಬಳಿದಿರುತ್ತಾರೆ, ಅಷ್ಟು ನೆನಪಿರಲಿ. ಮೈದುನನ ಆ ಕಬ್ಬಿಣದ ಹಿಡಿಕೆಯನ್ನು ನಾನು ಹದಿನೆಂಟನೆಯ ತೊಟ್ಟಿಯಲ್ಲಿ ನೀರಿಗೆ ಬೀಳಿಸಿದ ಸಂಗತಿಯನ್ನು ನನ್ನ ಪತ್ನಿಯನ್ನೇ ಕರೆಸಿ ಕೇಳಿಕೊಳ್ಳಿ. ನಮಸ್ಕಾರ.