ಸವಾರೊ ರ‍್ಯಾಂಚ್: ಮರುಭೂಮಿಯಲ್ಲೊಂದು ಹಣ್ಣಿನ ತೋಟ

ಕೇಳುಗರೇ, ನಮಸ್ಕಾರ. ಮಕ್ಕಳ ಮನೆ ಅಂತ ಅಮೆರಿಕದ ಫೀನಿಕ್ಸ್ ನಗರಕ್ಕೆ ಹೋದ ನಮ್ಮವರಿಗೆ ಎಲ್ಲರೂ ಗ್ರ್ಯಾಂಡ್ ಕ್ಯಾನ್ಯನ್ ತೋರಿಸುತ್ತಾರೆ. ಪಕ್ಕದ ಗ್ಲೆಂಡೇಲ್‌ನಲ್ಲಿರುವ ಸವಾರೊ ರ‍್ಯಾಂಚ್ ತೋರಿಸುವವರು ಕಡಿಮೆ. ಬೇಸಾಯದ ಮನೆಯಿಂದ ಬಂದವರು ಮೊದಲು ನೋಡಬೇಕಾದ್ದೇ ಅದು.

ಅಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು. ನಮ್ಮ ಚಳ್ಳಕೆರೆಯಲ್ಲೇ ಅದರ ಎರಡು ಪಟ್ಟು ಸುರಿಯುತ್ತದೆ! ಅಂಥ ಜಾಗದಲ್ಲಿ 1886ರಲ್ಲಿ ವಿಲಿಯಂ ಹೆನ್ರಿ ಬಾರ್ಟ್ಲೆಟ್ ಎಂಬ ಸಾಹುಕಾರ ಜಮೀನು ಹಿಡಿದ. ಅಂಜೂರ, ಕಿತ್ತಳೆ, ಪೀಚ್ ಗಿಡ ಹಾಕಿಸಿದ. ಲೆಕ್ಕ ಹಾಕಿಯೇ ಬಂದ ಆಸಾಮಿ. ಸಾಲ್ಟ್ ನದಿಯಿಂದ ಬರುವ ಅರಿಜೋನಾ ಕಾಲುವೆ ಹಿಂದಿನ ವರ್ಷವಷ್ಟೇ ಮುಗಿದಿತ್ತು. ಆಗ ಸರ್ಕಾರದ ಕಾಯಿದೆಯೂ ಅನುಕೂಲವಾಗಿತ್ತು. ಎಕರೆಗೆ ಒಂದೂಕಾಲು ಡಾಲರ್ ಕೊಡಿ, ಮೂರು ವರ್ಷದೊಳಗೆ ನೀರು ಹಾಯಿಸಿ, 640 ಎಕರೆವರೆಗೆ ನಿಮ್ಮದು.

ಈಗ ಉಳಿದಿರುವುದು 17 ಎಕರೆ. ದೊಡ್ಡ ಮನೆ, ಗುಲಾಬಿ ತೋಟ, ಕಾಲಿಗೆ ಅಡ್ಡ ಬರುವ ನವಿಲುಗಳು. ಫೋಟೊ ತೆಗೆಯುವವರು ಅಲ್ಲೇ ನಿಂತುಬಿಡುತ್ತಾರೆ. ನನಗೆ ಹಿಡಿಸಿದ್ದು ಹಸಿ ಇಟ್ಟಿಗೆಯ ಹಳೇ ಮನೆ. ಬರೀ ಬಿಸಿಲಲ್ಲಿ ಒಣಗಿಸಿದ ಮಣ್ಣು, ದಪ್ಪ ಗೋಡೆ. ಹಗಲಿನ ಕಾವು ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ.

ಸಾಲ್ಟ್ ನದಿ ಕಣಿವೆಯ ಎಷ್ಟೋ ಹಳೇ ಬಡಾವಣೆಗಳಲ್ಲಿ ಇವತ್ತಿಗೂ ಕಾಲುವೆ ನೀರನ್ನೇ ಕಟ್ಟುತ್ತಾರೆ. ಅಂಗಳದ ಸುತ್ತ ಬದು ಇರುತ್ತದೆ. ಸರದಿ ರಾತ್ರಿ ಎರಡು ಗಂಟೆಗೆ ಬಂದರೂ ಎದ್ದು ಹೋಗಿ ತೂಬು ಎತ್ತಬೇಕು. ಕಾಲುವೆಗೆ ನೀರುಗಂಟಿಗಳೂ ಇದ್ದಾರೆ. ಮಂಡ್ಯದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಿಳಿಯರು ಬಂದ ಮೇಲೆ ಮರುಭೂಮಿ ಹಸಿರಾಯಿತು ಅನ್ನುವ ಮಾತು. ಸಾವಿರ ವರ್ಷದ ಹಿಂದೆಯೇ ಅಲ್ಲಿನ ಮೂಲನಿವಾಸಿಗಳಾದ ಹೊಹೊಕಾಮ್ ಜನ ಅದೇ ನದಿಯಿಂದ ನೂರಾರು ಮೈಲಿ ಕಾಲುವೆ ತೋಡಿದ್ದರು. ಕಬ್ಬಿಣದ ಗುದ್ದಲಿ ಇಲ್ಲ, ಎತ್ತು ಇಲ್ಲ. ಮರ, ಕಲ್ಲಿನ ಸಲಕರಣೆಯಷ್ಟೇ. ಮೆಕ್ಕೆಜೋಳ, ಕುಂಬಳ, ಹತ್ತಿ ಬೆಳೆದರು. 1450ರ ಹೊತ್ತಿಗೆ ಕಾಲುವೆಗಳು ಪಾಳುಬಿದ್ದವು. 1867ರಲ್ಲಿ ಜಾಕ್ ಸ್ವಿಲ್ಲಿಂಗ್ ಎಂಬಾತ ಕಂಪನಿ ಕಟ್ಟಿಕೊಂಡು ಬಂದು, ಅದೇ ಹಳೇ ಜಾಡಿನಲ್ಲಿ ಅಗೆಸಿ ನೀರು ಹರಿಸಿದ. ಬಾರ್ಟ್ಲೆಟ್‌ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ.

ಹಾಗಾಗಿ ರ‍್ಯಾಂಚ್ ನೋಡಿದವರು ವಿಮಾನ ನಿಲ್ದಾಣದ ಹತ್ತಿರದ ಸೆಡಾವ್ ವಾಕಿ ಮ್ಯೂಸಿಯಂಗೂ ಹೋಗಿ. ಹೊಹೊಕಾಮ್ ಕಾಲುವೆಗಳ ಗುರುತು ಅಲ್ಲಿ ಉಳಿದಿದೆ. ಬೇಸಿಗೆಯಲ್ಲಿ ಮಾತ್ರ ಬೇಡ, ಬಿಸಿಲು 43 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ಹೋಗಿ, ಒಂದು ಸ್ವೆಟರ್ ಇರಲಿ. ನಮಸ್ಕಾರ.